ಮೂರು ಹೊತ್ತು, ಊಟವಾದ ಮೇಲೆ

ಭಾನುವಾರ, ಮಾರ್ಚ್ ೯
ಬೆಳಗ್ಗೆ, ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಅಕ್ಕಾ,

ನಿನ್ನೆ ಅಂಗಡಿ ಮುಚ್ಚಿದವಳು ನೇರವಾಗಿ ಮನೆಗೆ ಬಂದೆ, ದಾರಿಯಲ್ಲಿ ಒಂದು ಸಲವೂ ಹಿಂದಕ್ಕೆ ಓಡಲಿಲ್ಲ! ಇದೂ ಒಂದು ಸುದ್ದಿಯೇ ಎಂದು ನೀನು ಹುಬ್ಬೇರಿಸಬಹುದು. ಹೊಸದಾಗಿ ಮದುವೆಯಾದವಳು ಸಂತೋಷದ ಸುದ್ದಿ ಎಂದರೆ ಎಲ್ಲರ ಕಣ್ಣೂ ಹೊಟ್ಟೆಯ ಮೇಲೆಯೇ ಹೋಗುತ್ತದೆ. ಅದಲ್ಲ, ಅದಿನ್ನೂ ಇಲ್ಲ, ಅತ್ತೆಗೂ ಹಾಗೆಯೇ ಹೇಳಿದ್ದೇನೆ. ಆದರೆ ನನಗೆ ಇದೇನೂ ಸಣ್ಣ ಸುದ್ದಿಯಲ್ಲ. ಪೂರ್ತಿ ಓದು, ಒಪ್ಪುತ್ತೀಯ.

ಮೊದಲು ಕ್ಷಮೆ ಕೇಳಬೇಕು. ಒಂದೂವರೆ ತಿಂಗಳಿಂದ ಒಂದು ಸಾಲೂ ಬರೆದಿಲ್ಲ. ಫೋನು ನಿನಗಾಗುವುದಿಲ್ಲ ಎಂದು ಗೊತ್ತು. ಅಷ್ಟು ವರ್ಷ ಆಂಬುಲೆನ್ಸ್ ಕರೆಗಳ ಕೋಣೆಯಲ್ಲಿ ಕೂತು ಊರಿನವರ ಕೂಗನ್ನೆಲ್ಲ ಕಿವಿಗೆ ತುಂಬಿಕೊಂಡವಳಿಗೆ ಈಗ ಪಕ್ಕದ ಮನೆಯ ಫೋನು ರಿಂಗಾದರೂ ಎದೆ ಬಿಗಿಯುತ್ತದೆ ಎಂದು ಭಾವ ಹೇಳಿದರು. ಕೆಲಸ ಬಿಟ್ಟು ಆ ಚಿಕ್ಕ ಕೋಣೆ ಸೇರಿಕೊಂಡಿದ್ದೀಯ, ಪರದೆ ಸರಿಸುವುದಿಲ್ಲ, ಯಾರನ್ನೂ ನೋಡುವುದಿಲ್ಲ. ನನ್ನ ಮದುವೆಗೂ ಬರಲಾಗಲಿಲ್ಲ. ನಾನು ಬರುತ್ತೇನೆ ಎಂದಾಗಲೆಲ್ಲ ನೀನು ಭಾವನ ಬಾಯಿಂದ ‘ಈಗ ಬೇಡ’ ಎಂದು ಹೇಳಿಸಿದೆ. ನಾನೀಗ ಬರೆಯಲು ಕೂತಿರುವುದೇ ಆ ‘ಈಗ ಬೇಡ’ದ ವಿಷಯಕ್ಕೆ. ನನಗೆ ನಿನ್ನನ್ನು ನೋಡಬೇಕು, ಅಕ್ಕ. ಆದರೆ ಅಲ್ಲಿಗೆ ತಲುಪಲು ಸ್ವಲ್ಪ ಸುತ್ತುದಾರಿ ಬೇಕು. ನಾನು ಯಾವಾಗ ನೇರವಾಗಿ ಮಾತಾಡಿದ್ದೇನೆ ಹೇಳು.

ನಮ್ಮ ಮೇಷ್ಟ್ರು ಚೆನ್ನಾಗಿದ್ದಾರೆ. ಈಜು ಕಲಿಸುವವರನ್ನು ಕಟ್ಟಿಕೊಂಡರೆ ಮನೆಯ ತುಂಬ ಒದ್ದೆ ಟವೆಲ್ಲು ಎಂದು ಯಾರೂ ನನ್ನನ್ನು ಎಚ್ಚರಿಸಿರಲಿಲ್ಲ. ಕುರ್ಚಿಯ ಬೆನ್ನಿಗೆ, ಬಾಗಿಲ ಚಿಲಕಕ್ಕೆ, ಒಮ್ಮೆ ಫ್ರಿಜ್ಜಿನ ಹಿಡಿಕೆಗೂ. ತಲೆಗೂದಲಲ್ಲಿ ಸದಾ ಕೊಳದ ಕ್ಲೋರಿನ್ ವಾಸನೆ. ಆ ವಾಸನೆ ಮೆಟ್ಟಿಲು ಹತ್ತುತ್ತಿದ್ದಂತೆ ನನ್ನ ಮುಖ ಏನಾಗುತ್ತದೋ, ಎದುರುಮನೆಯ ದರ್ಜಿಯಮ್ಮ ನೋಡಿ ನೋಡಿ ನಗುತ್ತಾಳೆ. ಜಗಳವನ್ನೂ ಆಡಿದೆವು, ಅಲಾರಾಂ ಇಡುವ ವಿಷಯಕ್ಕೆ. ನಾನೇ ಗೆದ್ದೆ, ಆಮೇಲೆ ಪಾಪ ಅನ್ನಿಸಿ ಸೋತೆ.

ಇಷ್ಟೆಲ್ಲ ಸಂತೋಷದ ನಡುವೆಯೇ ನನ್ನ ತಲೆ ಕೆಟ್ಟಿತು. ಹಾಗೆಂದು ಬರೆದುಬಿಡುವುದೇ ಸುಲಭ. ಔಷಧದಂಗಡಿಯಲ್ಲಿ ಕೌಂಟರು ಪೂರ್ತಿ ನನಗೊಪ್ಪಿಸಿದ ತಿಂಗಳಲ್ಲೇ ಎರಡು ಬೇರೆ ಬೇರೆ ಮಾತ್ರೆಗಳ ಡಬ್ಬಿಗಳು ಒಂದೇ ನೀಲಿ ಬಣ್ಣದಲ್ಲಿ ಬರತೊಡಗಿದವು. ನಾನು ತಪ್ಪು ಮಾಡಲಿಲ್ಲ. ಆದರೆ ಮಾಡಿದ್ದರೆ? ಸಂಜೆ ಬೀಗ ಹಾಕಿ ಅರ್ಧ ದಾರಿ ಬರುತ್ತಿದ್ದಂತೆ ಆ ‘ದ್ದರೆ’ ಬಂದು ರಸ್ತೆಗಡ್ಡ ನಿಲ್ಲುತ್ತಿತ್ತು. ತಿರುಗಿ ಓಡುವುದು, ಬೀಗ ತೆಗೆಯುವುದು, ಡಬ್ಬಿ ನೋಡುವುದು, ಚೀಟಿ ನೋಡುವುದು. ಮನೆ ತಲುಪುವಷ್ಟರಲ್ಲಿ ಮತ್ತೆ ಅದೇ. ಒಂದು ದಿನ ಮೇಷ್ಟ್ರನ್ನು ಮನೆಚಪ್ಪಲಿಯಲ್ಲೇ ಎಳೆದುಕೊಂಡು ಗಿರಾಕಿಯೊಬ್ಬರ ಮನೆಗೇ ಹೋದೆ. ಬಾಗಿಲು ತೆಗೆದ ಅಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಕೊಟ್ಟ ಮಾತ್ರೆ ವಾಪಸ್ ಕೇಳೋಕೆ ಬಂದ್ರಾ? ಎರಡು ನುಂಗಾಗಿದೆ ಕಣಮ್ಮ” ಎಂದರು. ಮೇಷ್ಟ್ರು ನಕ್ಕುಬಿಟ್ಟರು. ನಾನು ಅವರ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಮಾತ್ರೆ ಸರಿಯಾಗಿಯೇ ಇತ್ತು. ಅಳು ಅದಕ್ಕಲ್ಲ. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡುತ್ತಾರಲ್ಲ, ಹಾಗಾಗಿತ್ತು ತಲೆ.

ಅಂಗಡಿಯ ಒಡತಿಗೆ ಹೇಗೋ ಗೊತ್ತಾಯಿತು. ಬೈಯುತ್ತಾರೆಂದುಕೊಂಡೆ. ಅವರು ಮೊದಲು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಆ ಭಾನುವಾರವೇ ತಾವು ಹೋಗುವ ಇನ್ನೊಂದು ಕಡೆಗೂ. ಲಾಂಡ್ರಿಯ ಮೇಲಿನ ಒಂದು ಕೋಣೆ. ಗೋಡೆಗೆ ಸುಣ್ಣ, ನೆಲಕ್ಕೆ ಚಾಪೆ, ಮೂಲೆಯಲ್ಲಿ ಅಂಗೈಯಷ್ಟು ದೊಡ್ಡ ಬುದ್ಧ. ಕೆಳಗೆ ಯಂತ್ರಗಳು ಬಟ್ಟೆ ಗಿರಗಿರ ತಿರುಗಿಸುವಾಗ ಮೇಲೆ ನಾವೂ ಸಣ್ಣಗೆ ನಡುಗುತ್ತೇವೆ. ಅಲ್ಲಿ ಕಲಿಸುವವರು ತಲೆ ಬೋಳಿಸಿದ ಒಬ್ಬ ಭಿಕ್ಷುಣಿ, ಎಲ್ಲರೂ ಅಮ್ಮ ಎನ್ನುತ್ತಾರೆ. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಸುಮ್ಮನೆ ಕೂರಿಸುತ್ತಿದ್ದುದು ತಪ್ಪು ಮಾಡಿದವರನ್ನು ಮಾತ್ರ. ನನಗೂ ಶಿಕ್ಷೆಯಂತೆಯೇ ಅನ್ನಿಸಿತು. ಉಸಿರು ಬಂತು, ಹೋಯಿತು, ನೋಡು ಎಂದರು. ನೋಡಿದೆ. ಕಾಲು ಜೋಮು ಹಿಡಿಯಿತು, ಅದನ್ನೂ ನೋಡಿದೆ.

ಆಮೇಲೆ ಮೈತ್ರಿ ಭಾವನೆ ಎಂದು ಒಂದು ಹೇಳಿಕೊಟ್ಟರು. ಮೊದಲು ನಮಗೆ ನಾವೇ ಹೇಳಿಕೊಳ್ಳುವುದು: ನಾನು ಕ್ಷೇಮವಾಗಿರುವಂತಾಗಲಿ, ನನ್ನ ಭಯ ಕರಗಲಿ, ನನ್ನ ಮನಸ್ಸು ಹಗುರವಾಗಲಿ. ನಂತರ ಪ್ರೀತಿಯ ಒಬ್ಬರನ್ನು ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಂಡು ಅದನ್ನೇ ಅವರಿಗೆ ಹೇಳುವುದು. ನಾನು ಯಾರನ್ನು ಕೂರಿಸಿದೆ ಎಂದು ಬೇರೆ ಹೇಳಬೇಕೆ? ಟವೆಲ್ಲು ಸಮೇತ ಬಂದು ಕೂತರು. ಕ್ಷೇಮವಾಗಿರಲಿ ಎನ್ನುವಷ್ಟರಲ್ಲಿ ನಗು ತಡೆಯಲಾಗದೆ ಪಕ್ಕದವರ ಧ್ಯಾನವನ್ನೂ ಕೆಡಿಸಿದೆ. ಕೊನೆಯಲ್ಲಿ ಯಾರನ್ನು ಕೂರಿಸಿಕೊಂಡೆ ಎಂದು ಅಮ್ಮ ಕೇಳಿದರು, ಒಡತಿಯೇ ಹೇಳಿಬಿಟ್ಟರು, ಹೊಸ ಗಂಡ ಎಂದು. “ಹೊಸ ಗಂಡನ್ನ ತಗೋಬಾರದಮ್ಮ, ಅದು ಮೈತ್ರಿ ಅಲ್ಲ, ಹನಿಮೂನು” ಎಂದರು ಅಮ್ಮ. ಚಾಪೆಯಡಿ ಹೋಗಿ ಸೇರಿಕೊಳ್ಳಬೇಕು ಎನ್ನಿಸಿತು. ಮುಂದಿನ ವಾರದಿಂದ ಆ ಜಾಗದಲ್ಲಿ ನಿನ್ನನ್ನು ಕೂರಿಸಿಕೊಂಡೆ.

ಇನ್ನು ನನ್ನ ಮಹಾಪರಾಕ್ರಮ ಕೇಳು. ನನ್ನ ಕಸುಬು ಏನು? ಡೋಸು. ಹಾಗಾಗಿ ಧ್ಯಾನವನ್ನೂ ಮೂರು ಹೊತ್ತು, ಊಟವಾದ ಮೇಲೆ, ತಪ್ಪದೆ ತೆಗೆದುಕೊಂಡೆ. ಗಾಬರಿ ಜಾಸ್ತಿಯಾದ ದಿನ ಡೋಸು ಏರಿಸಿದೆ. ಗಿರಾಕಿ ಇಲ್ಲದಾಗ ಗೋದಾಮಿಗೆ ನುಗ್ಗಿ, ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ನಡುವೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ಒಮ್ಮೆ ಸರಕು ಇಳಿಸಲು ಬಂದ ಲಾರಿಯವರು ನನ್ನನ್ನು ಆ ಸ್ಥಿತಿಯಲ್ಲಿ ಕಂಡು, ಒಡತಿಯ ಹತ್ತಿರ ಹೋಗಿ, ನಿಮ್ಮ ಹುಡುಗಿ ಸಿರಪ್ಪು ಕುಡಿದು ಮಲಗಿದೆ ಎಂದು ಚಾಡಿ ಹೇಳಿದರು. ಇಷ್ಟೆಲ್ಲ ಮಾಡಿದರೂ ಸಂಜೆಯ ಓಟ ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು. ನನಗೆ ಸಿಟ್ಟೇ ಬಂತು. ನೀವು ಹೇಳಿಕೊಟ್ಟಿದ್ದು ಕೆಲಸ ಮಾಡುತ್ತಿಲ್ಲ ಎಂದು ಅಮ್ಮನ ಹತ್ತಿರ ದೂರು ಹೇಳಿದೆ, ಡೋಸಿನ ವಿವರ ಸಮೇತ.

ಅವರು ನಗಲಿಲ್ಲ, ಅಕ್ಕ. “ಕೂತ್ಕೊಂಡಾಗ ಏನು ಮಾಡ್ತೀಯ?” ಎಂದು ಕೇಳಿದರು. ಮನಸ್ಸು ಶಾಂತವಾಯಿತಾ ಎಂದು ನೋಡುತ್ತೇನೆ ಎಂದೆ. ಆಗಿರದಿದ್ದರೆ? ಮತ್ತೆ ನೋಡುತ್ತೇನೆ. ಅಷ್ಟು ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಮತ್ತೆ ಮತ್ತೆ ತೆಗೆದು ನೋಡುತ್ತಿದ್ದ ಅಂಗಡಿಯ ಬೀಗವನ್ನು ತಂದು ನನ್ನೊಳಗೇ ಹಾಕಿಕೊಂಡಿದ್ದೆ.

“ಭಯ ಹೋಗ್ಲಿ ಅಂತ ಕೂರಬೇಡ ಮಗು. ಅದು ಬಂದಾಗ ಅದರ ಜೊತೆ ಕೂರೋಕೆ ಒಬ್ಬರು ಬೇಕಲ್ಲ, ಅದಕ್ಕೆ ಕೂತ್ಕೋ” ಎಂದರು.

ನಿನ್ನೆ ಸಂಜೆ ಅದೇ ಆಯಿತು. ಅಂಗಡಿಯಲ್ಲಿ ನಮ್ಮ ನಿಯಮದಂತೆ ನಾನೊಮ್ಮೆ, ಒಡತಿಯೊಮ್ಮೆ ಎಲ್ಲ ನೋಡಿ ಬೀಗ ಹಾಕಿದೆವು. ಬೇಕರಿಯ ತಿರುವಿನಲ್ಲಿ ಆ ‘ದ್ದರೆ’ ಬಂತು. ಕಾಲು ಆಗಲೇ ಹಿಂದಕ್ಕೆ ತಿರುಗಿತ್ತು. ಅಲ್ಲೇ ದೀಪದ ಕಂಬದ ಪಕ್ಕ ನಿಂತುಬಿಟ್ಟೆ. ಭಯ ಬಂದಿದೆ, ಎದೆ ಹೊಡೆದುಕೊಳ್ಳುತ್ತಿದೆ, ಅಂಗೈ ಬೆವರಿದೆ ಎಂದು ಒಂದೊಂದನ್ನೇ ಹೆಸರಿಟ್ಟು ಕರೆದೆ. ಈ ಬೆವರಿದ ಹುಡುಗಿ ಕ್ಷೇಮವಾಗಿರಲಿ ಎಂದೆ. ಭಯ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ನನ್ನ ಜೊತೆಯೇ ನಡೆದುಕೊಂಡು ಬಂತು, ಮೆಟ್ಟಿಲು ಹತ್ತಿತು, ಊಟಕ್ಕೂ ಕೂತಿತು. ಆಮೇಲೆ ಯಾವಾಗ ಎದ್ದು ಹೋಯಿತೋ ಗೊತ್ತಾಗಲಿಲ್ಲ. ಮೇಷ್ಟ್ರಿಗೆ ಹೇಳಿದರೆ ಅವರು, ನೀರಿಗೆ ಹೆದರುವವರಿಗೂ ತಾನು ಮೊದಲು ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದನ್ನಷ್ಟೇ ಕಲಿಸುವುದು ಎಂದರು. ಎಲ್ಲವನ್ನೂ ಈಜಿಗೇ ತಂದು ನಿಲ್ಲಿಸದಿದ್ದರೆ ಅವರಿಗೆ ಸಮಾಧಾನವಿಲ್ಲ.

ಇದನ್ನೆಲ್ಲ ನಿನಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ವಿಶ್ರಾಂತಿ ತಗೋ, ಸಮುದ್ರ ನೋಡಿ ಬಾ, ಮನಸ್ಸು ಗಟ್ಟಿ ಮಾಡಿಕೋ ಎಂದು ಎಲ್ಲರೂ ನಿನ್ನ ತಲೆ ತಿಂದಿದ್ದಾರೆಂದು ಭಾವ ಹೇಳಿದ್ದಾರೆ. ನನ್ನದು ಒಂದು ನೀಲಿ ಡಬ್ಬಿಯ ಭಯ. ನೀನು ಕೇಳಿಸಿಕೊಂಡದ್ದು ನಿಜವಾದ ಕೂಗುಗಳು, ಎಷ್ಟೋ ಜನರ ಕೊನೆಯ ಮಾತುಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ಪೆದ್ದಿಯಲ್ಲ ನಾನು. ದಣಿವು ಎಂದರೆ ಏನೆಂದು ಚೂರೇ ಚೂರು ಗೊತ್ತಾಯಿತು, ಅಷ್ಟೇ.

ನೀನು ಕ್ಷೇಮವಾಗಿರು, ಅಕ್ಕ. ನಿನ್ನ ಕಿವಿಗೆ ವಿಶ್ರಾಂತಿ ಸಿಗಲಿ. ನೀನಿರುವ ಕೋಣೆ ನಿನಗೆ ಮೆತ್ತಗಾಗಲಿ. ಚಿಕ್ಕವಳು ದೊಡ್ಡವಳನ್ನು ಹರಸಬಾರದು ಎಂದರೆ ಇದನ್ನು ಮುತ್ತು ಎಂದುಕೋ.

ನಿನ್ನ
ಬುಗುರಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆಯಲೇಬೇಕು. ಒಂದೂವರೆ ತಿಂಗಳ ಹಿಂದೆ ‘ಈಗ ಬೇಡ’ ಯಾಕೆಂದು ಭಾವನನ್ನು ನಾನು ಬಿಡದೆ ಪೀಡಿಸಿದೆ. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. “ಅವಳ ಸಂತೋಷ ನೋಡೋಷ್ಟು ಶಕ್ತಿ ನನಗಿಲ್ಲ ಅಂದಳಮ್ಮ” ಎಂದುಬಿಟ್ಟರು. ಅಂದಿನಿಂದ ನನ್ನ ಪೆನ್ನು ಓಡಲಿಲ್ಲ. ಸಂತೋಷವಿಲ್ಲದ ಕಾಗದ ಬರೆಯಲು ನೋಡಿದೆ, ಅದು ಯಾರೋ ಬರೆದಂತಿತ್ತು, ಹರಿದೆ. ಚಾಪೆಯ ಮೇಲೆ ನಿನ್ನನ್ನು ಎದುರು ಕೂರಿಸಿಕೊಂಡರೆ ಹರಕೆಯ ಬದಲು ‘ಯಾಕೆ ಹಾಗಂದೆ’ ಎಂದೇ ಕೇಳುತ್ತಿದ್ದೆ. ಮೈತ್ರಿಯಲ್ಲಿ ಪ್ರೀತಿಯವರ ನಂತರ, ನಮಗೆ ನೋವು ಕೊಟ್ಟವರ ಸರದಿಯೂ ಬರುತ್ತದೆ. ಈ ಎರಡೂ ಜಾಗಕ್ಕೆ ನನಗೆ ಒಬ್ಬಳೇ ಬರುತ್ತಾಳೆ ಎಂದು ಅಮ್ಮನ ಹತ್ತಿರ ಅತ್ತೆ. “ಹಾಗಾದ್ರೆ ಎರಡು ಸಲ ಹೇಳು” ಎಂದರು. ಹೇಳುತ್ತಿದ್ದೇನೆ.

ನಾನು ಸಂತೋಷವಾಗಿದ್ದೇನೆ, ಅದನ್ನು ಬಚ್ಚಿಡಲು ನನಗೆ ಬರುವುದಿಲ್ಲ. ಆದರೆ ನಾನು ದಣಿದೂ ಇದ್ದೇನೆ. ನಿನಗೆ ಈ ದಣಿದವಳನ್ನು ನೋಡಲು ಅಷ್ಟು ಶಕ್ತಿ ಬೇಕಾಗಲಾರದು. ನಿನ್ನ ಕೋಣೆಯ ಹೊರಗೆ ಗೋಡೆಗೊರಗಿ ಕೂರುತ್ತೇನೆ, ನೀನು ಬಾಗಿಲು ತೆಗೆಯಬೇಕಾಗಿಲ್ಲ, ಮಾತೂ ಆಡಬೇಕಾಗಿಲ್ಲ. ಬೇಡವೇ ಬೇಡ ಎನ್ನುವುದಾದರೆ ಭಾವನನ್ನು ಸ್ಟೇಷನ್ನಿಗೆ ಕಳಿಸು, ಅಲ್ಲಿಂದಲೇ ತಿರುಗುತ್ತೇನೆ. ಮುನಿಸಿಕೊಳ್ಳುವುದಿಲ್ಲ. ಸ್ವಲ್ಪ ಮುನಿಸಿಕೊಳ್ಳುತ್ತೇನೆ. ಮೇಷ್ಟ್ರು ಬರುವುದಿಲ್ಲ, ನಾನೊಬ್ಬಳೇ. ಈ ಗುರುವಾರ ಬರುತ್ತೇನೆ, ಮಧ್ಯಾಹ್ನದ ಪ್ಯಾಸೆಂಜರ್ ರೈಲಿಗೆ, ಆ ಎಲ್ಲ ಸ್ಟೇಷನ್ನಿನಲ್ಲೂ ನಿಂತು ನಿಂತು ಬರುವುದಕ್ಕೆ.