ಗದ್ದುಗೆಯ ಮುಂದೆ ನಿನ್ನ ಜಗಳ

ಯವ್ವಾ,

ಮೊನ್ನೆ ರಾಯಚೂರಿನಲ್ಲಿ ನಿನಗೆ ನುಡಿನಮನ ಇತ್ತು. ಸಭೆಯ ಹೆಸರಷ್ಟೇ ನಿನ್ನದು. ಬ್ಯಾನರಿನ ತುಂಬ ಅಜ್ಜನ ಫೋಟೊ, ಪಕ್ಕದಲ್ಲಿ ನಿನ್ನ ಅಣ್ಣ, ನನ್ನ ಸೋದರಮಾವ. ನೀನು ಮೂಲೆಯಲ್ಲಿ. ಕವಿಯ ಮಗಳು, ಕವಿಯ ತಂಗಿ, ರಕ್ತದಲ್ಲೇ ಸಾಹಿತ್ಯ ಬಂದಿತ್ತು ಎಂದು ಒಬ್ಬರಾದ ಮೇಲೊಬ್ಬರು ಹೊಗಳಿದರು. ಅಲ್ಲ, ಅಜ್ಜ ಬರೆದದ್ದು ತತ್ವಪದ, ಮಾವ ಬರೆದದ್ದು ಕವಿತೆ. ನಿನ್ನ ಕಾದಂಬರಿಗಳು ಯಾವ ರಕ್ತದಿಂದ ಇಳಿದವು? ಕೊನೆಗೆ ಮಾವ ಮೈಕು ಹಿಡಿದು, "ತಂಗಿ ಬರದ ಒಂದೊಂದು ಅಧ್ಯಾಯಾನೂ ನಾನೇ ತಿದ್ದೀನ್ರೀ" ಅಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಮಾನ್ವಿ ಮನೆಯ ಆ ಮಧ್ಯಾಹ್ನ ನೆನಪಿದೆಯಾ? ಪಕ್ಕದಲ್ಲೇ ಅಕ್ಕಿ ಮಿಲ್ಲು, ಹಗಲೆಲ್ಲ ಅದರ ಗದ್ದಲ. ಪಾತ್ರಗಳ ಮಾತನ್ನು ನೀನು ಮೊದಲು ಬಾಯಲ್ಲಿ ಆಡಿ ನೋಡಿ ಆಮೇಲೆ ಬರೆಯುತ್ತಿದ್ದೆ, ಅದೂ ಮಿಲ್ಲನ್ನು ಮೀರಿಸುವ ದನಿಯಲ್ಲಿ. ಅತ್ತೆಯೂ ನೀನೇ, ಸೊಸೆಯೂ ನೀನೇ. ನೆರೆಮನೆಯ ಖೈರುನ್‌ಬೀ ಗಾಬರಿಯಾಗಿ ಓಡಿಬಂದಳು. "ಯಾರ ಜೋಡಿ ಜಗಳ ಮಾಡಾಕತ್ತೀರಿ ಅಕ್ಕಾ?"

"ನನ್ನ ಕತ್ಯಾಗಿನ ಸೊಸಿ ಮನಿ ಬಿಟ್ಟು ಹೊಂಟಾಳ. ಬಾ, ಕುಂದ್ರು."

ಆಕೆ ನಿಜಕ್ಕೂ ಕುಳಿತು ಕೇಳಿದಳು. ಅವತ್ತು ತಿದ್ದುವ ಮಾವ ಎಲ್ಲಿದ್ದರು?

ನಿನ್ನ ತವರು ದೇವದುರ್ಗದ ಪದ್ಧತಿಯಂತೂ ನಿನಗೆ ಗೊತ್ತೇ ಇದೆ. ಅಜ್ಜನ ಪುಣ್ಯತಿಥಿಯ ದಿನ ಅವನ ಗದ್ದುಗೆಯ ಮುಂದೆ ಮನೆತನದವರು ತಾವು ಬರೆದದ್ದನ್ನು ಓದಬೇಕು. ಪ್ರತಿ ವರ್ಷ ಓದಿದ್ದು ಮಾವ. ನೀನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಒಮ್ಮೆ ಆ ಸೊಸೆಯ ಕಾದಂಬರಿ ಹಿಡಿದುಕೊಂಡು ಹೋಗಿ, ನಾನೂ ಓದಲೇ ಎಂದು ಕೇಳಿದ್ದೆಯಲ್ಲ. ಮಾವ, "ಅತ್ತಿ-ಸೊಸಿ ಜಗಳ ಗದ್ದುಗಿ ಮುಂದ ಯಾಕಬೇ?" ಎಂದು ನಕ್ಕುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕುದಿಯುತ್ತಿದ್ದರೆ ನೀನು, "ಇರ್ಲಿ ಬಿಡು, ಅಣ್ಣ ಅಲ್ಲೇನು" ಅಂದೆ. ಏನು ಇರಲಿ? ಯಾಕೆ ಇರಲಿ? ನಿನ್ನ ಆ "ಇರ್ಲಿ ಬಿಡು" ಕೇಳಿ ಕೇಳಿ ನಾನು... ಹೋಗಲಿ, ಈಗ ನಿನ್ನ ಮೇಲೆ ರೇಗಿ ಏನು ಬಂತು.

ನಿನ್ನೆ ಮತ್ತೆ ಅಜ್ಜನ ಪುಣ್ಯತಿಥಿ. ಮಾವನ ಕವಿತೆ ಮುಗಿದದ್ದೇ ತಡ, ಅದೇ ಕಾದಂಬರಿ ಹಿಡಿದು ನಾನು ಗದ್ದುಗೆಯ ಮುಂದೆ ಕುಳಿತೆ.

"ಏನಬೇ ಅದು?" ಅಂದರು ಮಾವ.

"ಅವ್ವಂದು" ಎಂದೆ.

ಖೈರುನ್‌ಬೀ ಕೇಳಿದ ಆ ಜಗಳವನ್ನೇ ನಿನ್ನ ಹಾಗೆ ಗಂಟಲು ಬಿಟ್ಟು ಓದಿದೆ. "ಯಾರ ಮನ್ಯಾಗ್ರೀ ಜಗಳಾ?" ಎನ್ನುತ್ತ ಓಣಿಯ ಹೆಂಗಸರು ಓಡಿಬಂದರು ಯವ್ವಾ! ಬಂದವರು ಅಲ್ಲೇ ಕುಳಿತರು. ಸೊಸೆ ಕವಿತಾಳದ ಬಸ್ಸು ಹತ್ತಿದಲ್ಲಿಗೆ ಪುಸ್ತಕ ಮುಚ್ಚಿದೆ. ಯಾರೂ ಏಳಲಿಲ್ಲ. ಆಗ ಮಾವನೇ ಮೈಮರೆತು ಕೇಳಿದರು:

"ಮುಂದ? ಆಕಿ ಹೊಳ್ಳಿ ಬಂದಳೇನು?"

ಒಂದೊಂದು ಅಧ್ಯಾಯವನ್ನೂ ತಿದ್ದಿದ ಮನುಷ್ಯ! ಎಲ್ಲರೂ ತಿರುಗಿ ಅವರನ್ನೇ ನೋಡಿದರು. ಅವರು ಶಲ್ಯ ಸರಿಮಾಡಿಕೊಂಡರು.

ನಾನು ಹೇಳಲಿಲ್ಲ ಯವ್ವಾ. ನಿನ್ನ ಪುಸ್ತಕವನ್ನು ಅವರ ಕೈಗಿಟ್ಟು, "ಓದ್ರಿ, ಮಾಮಾ" ಎಂದೆ.

ನಿನ್ನ ಮಗಳು