ಅಂಗಡಿಯವನು ಕೇಳಿದ್ದು

ಏಪ್ರಿಲ್ ೨೩, ಮಂಗಳವಾರ

ಇವತ್ತು ಮೈದುನನ ಜೊತೆ ಇನ್ವರ್ಟರ್ ಕೊಳ್ಳಲು ಹೋಗಿದ್ದೆ. “ಕರೆಂಟು ಹೋದಾಗ ಏನೇನು ನಡೀಬೇಕಮ್ಮಾ?” ಎಂದು ಅಂಗಡಿಯವನು ಕೇಳಿದ. “ಆಕ್ಸಿಜನ್ ಮಷೀನು” ಎಂದುಬಿಟ್ಟೆ. ನಮ್ಮವರು ತೀರಿಕೊಂಡ ಮರುವಾರವೇ ಬಾಡಿಗೆಯವರು ಅದನ್ನು ಒಯ್ದಿದ್ದರು. ಆದರೂ ಬಾಯಿಗೆ ಮೊದಲು ಬಂದದ್ದು ಅದೇ.

“ಅದ್ಯಾಕೀಗ ಅತ್ತಿಗೆ?” ಎಂದ ಮೈದುನ ಅಂಗಡಿಯವನ ಕಡೆ ತಿರುಗಿ, “ಟೀವಿ, ಫ್ರಿಜ್ಜು, ಎರಡು ಫ್ಯಾನು. ದೊಡ್ಡದೇ ಕೊಡಿ, ಸೆಕೆ ತಡೆಯಕ್ಕಾಗಲ್ಲ” ಎಂದ.

ಚಳಿಗಾಲದಲ್ಲಿ ನಾನು ಕೈಮುಗಿದು ಇನ್ವರ್ಟರ್ ಕೇಳಿದಾಗ ಇವನೇ, “ಹೋದ ಕರೆಂಟು ಬರದೇ ಇರುತ್ತಾ? ಬೇಸಿಗೆಗೆ ನೋಡೋಣ” ಅಂದಿದ್ದ. ಅವರು ಹೋದ ರಾತ್ರಿಯೂ ಕರೆಂಟು ಬಂತು, ಬೆಳಗಿನ ಜಾವಕ್ಕೆ. ಅಷ್ಟು ಹೊತ್ತು ಉಸಿರು ಕಾಯಲಿಲ್ಲ.

ಸಂಜೆಯೇ ಬಂದು ಜೋಡಿಸಿದರು. ಈಗ ಬೀದಿಯೆಲ್ಲ ಕತ್ತಲು. ನಡುಮನೆಯಲ್ಲಿ ಮೈದುನ ಟೀವಿ ನೋಡಿ ನಗುತ್ತಿದ್ದಾನೆ. ಕರೆಂಟು ಹೋದಾಗ ಅದು ಒಂದು ಕ್ಷಣವೂ ನಿಲ್ಲಲಿಲ್ಲ. ಒಂದು ಕ್ಷಣವೂ…