ಬಿಲ್ಲೆಯ ಕೆಳಗಿನ ಮರ

12-6-94, ಭಾನುವಾರ. ಪಾಂಡವಪುರ

ಎಂದಿನಂತೆ ಅಪ್ಪನ ಡ್ರಮ್ ಒರೆಸಿದೆ. ಹಿತ್ತಾಳೆಗೆ ಹುಣಸೆಹಣ್ಣು, ಮರಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ. ಹತ್ತು ಗಂಟೆಗೆ ಮೈಸೂರಿನಿಂದ ಒಬ್ಬ ಬಂದ. ಶ್ರೀರಾಮ್ ಅಂತೆ. ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಾನೆ, ಹಳೇ ಡ್ರಮ್ಮುಗಳ ಹುಚ್ಚು. ಅರಮನೆ ಬ್ಯಾಂಡಿನ ಡ್ರಮ್ ಇಲ್ಲಿದೆ ಎಂದು ಯಾರೋ ಹೇಳಿದರಂತೆ. ಹಿತ್ತಾಳೆ ಬಿಲ್ಲೆಯ ಮೇಲಿನ ನಂಬರ್ ಬರೆದುಕೊಂಡ. 21764. ಕಂಪನಿಯ ಲಿಸ್ಟ್ ನೋಡಿದರೆ ಯಾವ ವರ್ಷದ್ದೆಂದು ತಿಳಿಯುತ್ತದಂತೆ. ಕಾಫಿ ಬೇಡ ಅಂದ. ಕಾಫಿ ಬೇಡ ಅನ್ನುವವರನ್ನು ನಾನು ನಂಬುವುದಿಲ್ಲ.

19-6-94

ಮತ್ತೆ ಬಂದ. ಕೈಯಲ್ಲಿ ಜೆರಾಕ್ಸ್. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದು ಐವತ್ತೆರಡನೇ ಇಸವಿದು."

ಅಪ್ಪ ಅರಮನೆ ಬ್ಯಾಂಡ್ ಬಿಟ್ಟದ್ದು ಮೂವತ್ತೆಂಟರಲ್ಲಿ. ಬಿಡುವಾಗ ಇನಾಮು ಕೊಟ್ಟ ಡ್ರಮ್ ಇದು. ಮೂವತ್ತು ವರ್ಷದಿಂದ ಡ್ರಿಲ್ ಹೇಳಿಕೊಡುತ್ತಾ ಪ್ರತಿ ಬ್ಯಾಚಿಗೂ ಹೇಳಿದ್ದೇನೆ. ಜೆರಾಕ್ಸ್ ಯಾರು ಬೇಕಾದರೂ ಮಾಡಿಸಬಹುದು. ಬೆಲೆ ಇಳಿಸುವ ಉಪಾಯ, ಅಂದೆ. "ನಾನು ಕೊಂಡ್ಕೋತೀನಿ ಅಂದೇ ಇಲ್ವಲ್ಲ ಸರ್" ಅಂದ. ಅದೇ ಅನುಮಾನ.

24-6-94, ಬೆಳಿಗ್ಗೆ 6

ಹೊಳೆಯಿತು. ಎಂಬತ್ತೆಂಟರಲ್ಲಿ ನನ್ನ ತಮ್ಮ ಲೋಕೇಶ ಈ ಡ್ರಮ್ಮನ್ನು ಕಿಕ್ಕೇರಿಗೆ ಒಯ್ದಿದ್ದ, ತನ್ನ ಬ್ಯಾಂಡ್ ಸೆಟ್ಟಿಗೆ. ಲಗ್ನದ ಸೀಸನ್ ಪೂರ್ತಿ ಅಲ್ಲೇ ಇತ್ತು. ಈ ಬ್ಯಾಂಡಿನವರು ಒಬ್ಬರಿಗೊಬ್ಬರು ಎರವಲು ಕೊಡುತ್ತಲೇ ಇರುತ್ತಾರೆ. ಹೊಸ ಚರ್ಮ ಹಾಕಿಸಿ ವಾಪಸ್ ತಂದ. ನಾನು ಕೇಳಿರಲಿಲ್ಲ. ಯಾಕೆ ಹಾಕಿಸಿದ? ಅಪ್ಪನದ್ದು ಅಲ್ಲೇ ಅದಲುಬದಲಾಗಿರಬೇಕು.

29-6-94

ನಾಗಮಂಗಲದಲ್ಲಿ ಮದುವೆ. ಊಟ ಬಿಟ್ಟು ಬ್ಯಾಂಡಿನ ಹಿಂದೆ ಹೋದೆ. ಬಾರಿಸುತ್ತಿರುವಾಗಲೇ ಬಗ್ಗಿ ಬಿಲ್ಲೆ ಓದಿದೆ. ಡ್ರಮ್ಮಿನ ದ್ಯಾವಯ್ಯ ನಿಲ್ಲಿಸಿಯೇ ಬಿಟ್ಟ. "ಏನ್ ಮೇಷ್ಟ್ರೇ, ನನ್ನೊಟ್ಟೆ ತಾವ ಏನುಡುಕ್ತಾ ಇದ್ದೀರಿ?" ಹೆಣ್ಣಿನ ಕಡೆಯವರೆಲ್ಲ ನಕ್ಕರು. ನಗಲಿ. ಮೊನ್ನೆ ಶ್ರೀರಂಗಪಟ್ಟಣದ ಮದುವೆಯಲ್ಲಿ ಬರೆದುಕೊಂಡವೂ ಸೇರಿ ಒಂಬತ್ತು ನಂಬರ್ ಆಯಿತು. ಎಲ್ಲವೂ 21764ಕ್ಕಿಂತ ದೊಡ್ಡವು, ಯಾವುದೂ ಅಪ್ಪನ ಕಾಲದಷ್ಟು ಹಳೆಯದಲ್ಲ. ಕದ್ದ ಮಾಲನ್ನು ಯಾರು ಮೆರವಣಿಗೆಯಲ್ಲಿ ತರುತ್ತಾರೆ...

10-7-94

ಶ್ರೀರಾಮನನ್ನು ನಾನೇ ಕರೆಸಿದೆ. ಯಾರೋ ಬಿಲ್ಲೆ ಬದಲಾಯಿಸಿದ್ದಾರೆ, ತೆಗೆದು ನೋಡು ಅಂದೆ. ಮೆಲ್ಲಗೆ ಎತ್ತಿದ. ಸುತ್ತಲಿನ ಮರ ಕಪ್ಪು, ಕೆಳಗೆ ಬಿಲ್ಲೆಯ ಅಳತೆಗೆ ಸರಿಯಾಗಿ ಬೆಳ್ಳಗೆ. ಬೇರೆ ತೂತಿನ ಗುರುತಿಲ್ಲ. "ಮೊದಲಿಂದ ಇದೇ ಬಿಲ್ಲೆ ಸರ್." ಅಂದರೆ ಡ್ರಮ್ಮೇ ಬೇರೆ. ಅಂದರೆ ಲೋಕೇಶ.

17-7-94

ಕಿಕ್ಕೇರಿ. ಆಷಾಢ, ಬ್ಯಾಂಡಿಗೆ ಕೆಲಸವಿಲ್ಲ. ಲೋಕೇಶ ಕ್ಲಾರಿಯೊನೆಟ್ ಊದುವ ಮಂಚಯ್ಯನ ಜೊತೆ ಜಗಲಿಯ ಮೇಲೆ ಕೂತಿದ್ದ. ಮಂಚಯ್ಯನ ಎದುರಿಗೇ ಕೇಳಿದೆ, "ಅಪ್ಪನ ಡ್ರಮ್ಮು ಯಾರಿಗ್ಲಾ ಮಾರ್ಕೊಂಡೆ?"

ಲೋಕೇಶ ನನ್ನ ಮುಖ ನೋಡಿದ. "ಅಂಗಂದ್ಕಂಡಿದ್ರೆ ಅಂಗೇ ಇರ್ಲಿ ಬುಡಣ್ಣ" ಅಂದ. ಇಲ್ಲ ಅನ್ನಲಿಲ್ಲ. ಕದ್ದಿರದಿದ್ದರೆ ಇಲ್ಲ ಅನ್ನಬೇಕಿತ್ತು. ಅವನ ಹೆಂಡತಿ ಪ್ರಮೀಳಾ ಮಜ್ಜಿಗೆ ತಂದಳು. ಮುಟ್ಟದೆ ಬಂದೆ.

31-7-94

ಅಪ್ಪನಿಗೆ ವರ್ಷದ ಎಡೆ ಇಟ್ಟೆವು. ಲೋಕೇಶ ಬರಲಿಲ್ಲ. ಮೊದಲ ಸಲ. ನನ್ನವಳು ಮಂಗಳಮ್ಮ ಎಡೆಯ ಮುಂದೆಯೇ ಅಂದಳು, "ಒಂದು ಮರದ ತುಂಡಿಗೋಸ್ಕರ ತಮ್ಮನ್ನೇ ಕಳ್ಕೊಂಡ್ರಲ್ಲ."

14-8-94

ಮಧ್ಯಾಹ್ನ ಪ್ರಮೀಳಾ ಬಂದಳು, ಒಬ್ಬಳೇ. ಒಳಗೆ ಕೂರಲಿಲ್ಲ. "ಭಾವ, ನಾನ್ ಯೋಳ್ದೆ ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಆಣೆ ಇಡಿ." ಇಟ್ಟೆ.

ಐವತ್ತೆಂಟರಲ್ಲಿ ಅಪ್ಪ ಮೈಸೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಆ ಡ್ರಮ್ ಕೊಂಡದ್ದಂತೆ. ಎಂಟು ವರ್ಷದ ಲೋಕೇಶ ಜೊತೆಗಿದ್ದನಂತೆ. ಆಗ ನಾನು ಮಂಡ್ಯದ ಹಾಸ್ಟೆಲಿನಲ್ಲಿ. ರಜಕ್ಕೆ ಬಂದವನು ನೋಡಿದೆ. ಅಜ್ಜಿಯ ಮನೆ ಅಟ್ಟದಿಂದ ಇಳಿಸಿದ್ದಾರೆ, ಅರಮನೆಯದೇ ಎಂದುಕೊಂಡೆ. ಬೀದಿಗೆಲ್ಲ ಸಾರಿಕೊಂಡು ಬಂದೆ.

"ಮಾವ ಇವ್ರಿಗೆ ಅಂದ್ರಂತೆ, ನಿಮ್ಮಣ್ಣ ಖುಷಿಯಾಗವ್ನೆ, ನೀನು ಬಾಯ್ ಬುಡ್ಬ್ಯಾಡ ಕಣ್ಲಾ ಅಂತ. ಇವತ್ಗೂ ಬುಟ್ಟಿಲ್ಲ. ನಂಗೂ ಮೊನ್ನೆ ಅಳ್ತಾ ಯೋಳುದ್ರು."

ಅವಳು ಹೋದ ಮೇಲೆ ಯೋಚಿಸಿದೆ. ಇನಾಮು ಎಂಬ ಮಾತನ್ನು ಅಪ್ಪನ ಬಾಯಲ್ಲಿ ಯಾವಾಗ ಕೇಳಿದ್ದೆ? ಯಾವಾಗಲೂ ಇಲ್ಲ. ಹೇಳಿದ್ದೆಲ್ಲ ನಾನೇ. ಅಪ್ಪ ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿರುತ್ತಿದ್ದ, ಅಷ್ಟೆ. ನಾಚಿಕೆಯಿಂದ ಸತ್ತಂತಾಯಿತು.

15-8-94

ಸ್ಕೂಲಿನಲ್ಲಿ ಧ್ವಜಾರೋಹಣ ಮುಗಿಸಿ ಸೀದಾ ಕಿಕ್ಕೇರಿ ಬಸ್ಸು. ಲೋಕೇಶ ಆಗಷ್ಟೇ ಬಾರಿಸಿ ಬಂದು ಯೂನಿಫಾರಂ ಬಿಚ್ಚುತ್ತಿದ್ದ. "ಲೋಕಿ, ಆವತ್ತು ನಾನಂದದ್ದು ತಪ್ಪಾಯ್ತು" ಅಂದೆ.

ಅವನ ಕಣ್ಣು ಸಣ್ಣಗಾಯಿತು. "ಯಾಕಣ್ಣ, ಯಾರಾದ್ರೂ ಏನಾದ್ರೂ ಯೋಳುದ್ರಾ?" ಬಾಗಿಲಲ್ಲಿ ಪ್ರಮೀಳಾ ನಿಂತಿದ್ದಳು.

"ಇಲ್ಲ. ಆ ಮೈಸೂರಿನವನ ಲಿಸ್ಟೇ ಸರಿಯಿಲ್ಲ."

ಲೋಕೇಶ ಉಸಿರು ಬಿಟ್ಟದ್ದು ಕೇಳಿಸಿತು. "ನಾನೂ ಅದೇ ಅಂದ್ಕಂಡೆ. ಅರಮನೆ ಡ್ರಮ್ಮು ಕಣಣ್ಣ ಅದು. ಅಪ್ಪನೇ ಯೋಳ್ತಿರ್ಲಿಲ್ವಾ" ಅಂದ.

ಹೂಂ ಅಂದೆ. ಅವನೇ ನನ್ನ ತಟ್ಟೆಗೆ ಮುದ್ದೆ ಇಟ್ಟ. ಮೂವತ್ತಾರು ವರ್ಷ ಇವನು ಹೀಗೇ ನನ್ನ ಮುಖ ನೋಡಿಕೊಂಡು —